ನಿಲ್ಲದ ಮಗ್ಗ

ಪಕ್ಕದ ಮನೆಯ ಮಗ್ಗ ಶುರುವಾಯಿತೆಂದರೆ ಮಹದೇವಮ್ಮನ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಕಿ ಹಲ್ಲು ಕಡಿಯುತ್ತಿದ್ದವು. ನಡುವೆ ಇದ್ದದ್ದು ಒಂದೇ ಗೋಡೆ. ಒಂದು ಕಾಲಕ್ಕೆ ಅದು ಒಂದೇ ಮನೆ. ಅವಳ ಮಾವ ಮತ್ತು ಮಾವನ ತಮ್ಮ ಪಾಲಾದಾಗ ನಡುಮನೆಯಲ್ಲಿ ಒಂಟಿ ಇಟ್ಟಿಗೆಯ ಗೋಡೆ ಎದ್ದಿತು. ಆಚೆಯ ಭಾಗವನ್ನು ಮೂರು ವರ್ಷದ ಹಿಂದೆ ಪ್ರಭುಸ್ವಾಮಿ ಕೊಂಡುಕೊಂಡು, ರೇಷ್ಮೆ ಸೀರೆ ನೇಯುವ ಪವರ್‌ಲೂಮ್ ತಂದು ಕೂರಿಸಿದ. ಎಲ್ಲವೂ ಬೇರೆಯಾಗಿತ್ತು, ಕರೆಂಟಿನ ಬೋರ್ಡೊಂದನ್ನು ಬಿಟ್ಟು. ಎರಡೂ ಮನೆಯ ಮೀಟರು, ಎರಡೂ ಮನೆಯ ಪಿಂಗಾಣಿ ಫ್ಯೂಸು ಈಗಲೂ ಮಹದೇವಮ್ಮನ ಜಗಲಿಯ ಗೋಡೆಯಲ್ಲೇ ಇದ್ದವು. ಫ್ಯೂಸು ಸುಟ್ಟಾಗಲೆಲ್ಲ ಪ್ರಭುಸ್ವಾಮಿ ಕೈಯಲ್ಲಿ ತಂತಿ ಹಿಡಿದು ಬಂದು, "ಮೇಡಮ್ಮೋರೇ, ಒಸಿ ಗೇಟ್ ತಗೀರಿ" ಎಂದು ನಿಲ್ಲುತ್ತಿದ್ದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬರುವವನು. ತಲೆ ತಗ್ಗಿಸಿ ಮಾತಾಡುವವನು. ಕೊಳ್ಳೇಗಾಲದ ಆ ಬೀದಿಯಲ್ಲಿ ಅವನ ಬಗ್ಗೆ ಕೆಟ್ಟದ್ದೊಂದು ಮಾತು ಆಡಿದವರಿರಲಿಲ್ಲ.

ಬೆಳಗಿನ ಹೊತ್ತು ಮಗ್ಗ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಕೆಲವು ದಿನ ಮಾತ್ರ ಸಂಜೆ ಐದರ ಸುಮಾರಿಗೆ ಶುರುವಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆ, ಉಸಿರು ಬಿಡದೆ ಹೊಡೆದುಕೊಳ್ಳುತ್ತಿತ್ತು. ಆಗ ಮಹದೇವಮ್ಮನ ಗಂಡ ಪುಟ್ಟಬಸಪ್ಪ ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದ. ಅವಳು ಯಳಂದೂರಿನ ಹೈಸ್ಕೂಲಿನಿಂದ ಆಗಷ್ಟೇ ಬಂದು ಕಾಫಿಗೆ ನೀರಿಟ್ಟಿರುತ್ತಿದ್ದಳು.

"ಭಲೇ ದುಡೀತಾನೆ ಕಣ್ರಿ ಹುಡುಗ. ಸಂಜೇನೂ ಬಿಡಲ್ಲ" ಎಂದು ಅವಳೇ ಎಷ್ಟೋ ಸಲ ಅಂದಿದ್ದಳು. ಒಮ್ಮೆ ಅವನ ಹೆಂಡತಿ ರಮ್ಯಳ ಎದುರೇ ಅಂದಿದ್ದಳು. ರಮ್ಯ ಆಗ ಬಾಗಿಲಿಗೆ ನೀರು ಹಾಕುತ್ತಿದ್ದವಳು ತಲೆ ಎತ್ತಿ, ಈ ಹೆಂಗಸಿಗೆ ಬುದ್ಧಿ ಸ್ಥಿಮಿತದಲ್ಲಿದೆಯೇ ಎನ್ನುವಂತೆ ನೋಡಿದಳು. ಇಪ್ಪತ್ತಮೂರು ವರ್ಷದ ಹುಡುಗಿ. ಹನೂರಿನಾಚೆ, ಒಡೆಯರಪಾಳ್ಯದ ದಿಕ್ಕಿನ ಹಳ್ಳಿಯವಳು. ಮದುವೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ.

ಆಮೇಲೊಂದು ದಿನ ಅದೇ ರಮ್ಯ ಕಾಂಪೌಂಡಿನ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಳು.

"ಅಕ್ಕ, ನಮ್ಮನೆ ಮಗ್ಗದ ಸದ್ದು ನಿಮ್ಗ ಕೇಳ್ತದಾ?"

"ಅಯ್ಯೋ, ಬಿಡವ್ವ. ನಮಗೆ ಅಭ್ಯಾಸ ಆಗೋಗಿದೆ. ನೀನೇನೂ ಬೇಜಾರು ಮಾಡ್ಕೋಬೇಡ."

ರಮ್ಯ ಕೈಯನ್ನು ಕಾಂಪೌಂಡಿನ ಮೇಲಿಂದ ತೆಗೆಯಲಿಲ್ಲ. ಅವಳ ಮುಂಗೈ ಮೇಲೆ ಬಟಾಣಿಯಷ್ಟು ಅಗಲದ, ಆಳವಾದ, ಕಪ್ಪುಗಟ್ಟಿದ ಗಾಯವಿತ್ತು. ಒಗ್ಗರಣೆ ಸಿಡಿದಿರಬೇಕೆಂದುಕೊಂಡು ಮಹದೇವಮ್ಮ ಒಳಗೆ ಬಂದಳು. ಉತ್ತರಪತ್ರಿಕೆ ತಿದ್ದುವುದಿತ್ತು.

ಅದಾಗಿ ಮೂರು ತಿಂಗಳು ಕಳೆದಿರಬಹುದು; ರಮ್ಯ ಮದುವೆಯಾಗಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಆ ಗುರುವಾರ ಬೆಳಿಗ್ಗೆ ಮಹದೇವಮ್ಮ ಬಸ್ಸಿಗೆ ಹೊರಟಾಗ ರಮ್ಯಳ ಅಪ್ಪ ಕೆಂಚಯ್ಯ ಮಗಳ ಮನೆಯಿಂದ ಹೊರಗೆ ಬರುತ್ತಿದ್ದ. ಹೆಗಲ ಮೇಲೆ ಖಾಲಿ ಚೀಲ. ಮಗಳಿಗೆ ರಾಗಿ ತಂದು ಕೊಟ್ಟು, ಅರ್ಧ ಗಂಟೆಯೂ ಕೂರದೆ ವಾಪಸ್ಸು ಹೊರಟಿದ್ದ.

"ಇಷ್ಟು ಬೇಗ ಹೊರಟ್ರಾ?"

"ಊಂ ಕಣ್ರವ್ವ. ಇರು ಅಂತ ಮಗ್ಳು ಒಂದ್ ಮಾತೂ ಅನ್ನಿಲ್ಲ. ಅಳಿಮಯ್ಯನೇ ವಾಸಿ, ಕಾಫಿ ಕೊಡ್ಸುದ್ರು" ಎಂದು ಕೆಂಚಯ್ಯ ನಕ್ಕ. ಬಾಗಿಲ ಸಂದಿಯಲ್ಲಿ ರಮ್ಯ ನಿಂತಿದ್ದಳು. ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು.

ಒಂಬತ್ತನೇ ಕ್ಲಾಸಿನಲ್ಲಿ ಮಧ್ಯಾಹ್ನದ ಮೂರನೇ ಪಿರಿಯಡ್ಡು. ಮಹದೇವಮ್ಮ ಬೋರ್ಡಿನ ಮೇಲೆ ಎರಡು ಇಂಗ್ಲಿಷ್ ಪದ ಬರೆದಳು. ಹಿಯರ್. ಲಿಸನ್. ಇಪ್ಪತ್ತೆರಡು ವರ್ಷದಿಂದ ಈ ಜೋಡಿಯನ್ನು ಅವಳು ಕಲಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡು ಹೇಳಬಲ್ಲಳು.

ಮುಂದಿನ ಬೆಂಚಿನ ದಿವ್ಯ ಕೈಯೆತ್ತಿದಳು. "ಮಿಸ್, ಎರಡ್ಕೂವೆ ಕೇಳೋದು ಅಂತ್ಲೇ ಅರ್ಥ ಅಲ್ವಾ? ಮತ್ಯಾಕ ಎರಡು?"

"ಇಂಗ್ಲಿಷ್ನೋರ್ಗ ಕೆಲ್ಸಿಲ್ಲ ಕಣ್ಲಾ" ಎಂದು ಹಿಂದಿನಿಂದ ನಾಗರಾಜು ಅಂದ. ಕ್ಲಾಸೆಲ್ಲ ನಕ್ಕಿತು.

"ಎದ್ದು ನಿಂತ್ಕೊಳಪ್ಪ ನಾಗರಾಜು, ನಿನಗಾದ್ರೂ ಕೆಲಸ ಕೊಡೋಣ. ಒಂದು, ಕಿವಿಗೆ ಬೀಳೋದು. ಇನ್ನೊಂದು, ಕಿವಿ ಕೊಡೋದು. ಬೀಳೋದಕ್ಕೆ ನೀನೇನೂ ಮಾಡಬೇಕಾಗಿಲ್ಲ. ಕಿವಿ ಇದ್ರೆ ಸಾಕು, ಕತ್ತೆಗೂ ಇದೆ. ಕೊಡೋದಕ್ಕೆ ಮಾತ್ರ ನೀನೇ ಮನಸ್ಸು ಮಾಡಬೇಕು."

"ಅಂಗಾರ ನಾನು ನಿಮ್ ಪಾಠವ ಹಿಯರ್ ಮಾಡ್ತೀನಿ ಮಿಸ್."

ಮತ್ತೆ ನಗು. ಅವಳೂ ನಕ್ಕಳು. ಮಕ್ಕಳು ನಕ್ಕ ಪಾಠ ಮರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಉದಾಹರಣೆ ಕೊಡೋಣವೆಂದು ಸೀಮೆಸುಣ್ಣ ಕೆಳಗಿಟ್ಟಳು.

"ನಮ್ಮ ಪಕ್ಕದ ಮನೇಲಿ ಮಗ್ಗ ಇದೆ. ಅದರ ಸದ್ದು ದಿನಾ ನನ್ನ ಕಿವಿಗೆ ಬೀಳುತ್ತೆ. ಅದು ಹಿಯರ್. ಆದರೆ ನಮ್ಮಪ್ಪ ಕೂಲಿಗೆ ಮಗ್ಗ ಓಡಿಸ್ತಿದ್ದೋರು. ಶೆಡ್ಡಿನ ಆಚೆ ಕೂತು ಟೀ ಕುಡೀತಾ ಇದ್ರೂ ಕಿವಿಯೆಲ್ಲ ಒಳಗೇ. ಯಾವ ಮಗ್ಗದಲ್ಲಿ ಎಳೆ ಕಡೀತು, ಯಾವುದರಲ್ಲಿ ಕಂಡಿಕೆ ಮುಗೀತು, ಕೂತಲ್ಲಿಂದಲೇ ಹೇಳೋರು. ಅದು ಲಿಸನ್."

"ಕಂಡಿಕೆ ಅಂದ್ರೇನು ಮಿಸ್?"

"ಲಾಳಿ ಗೊತ್ತಲ್ಲ, ಮಗ್ಗದ ಈ ಕಡೆಯಿಂದ ಆ ಕಡೆಗೆ ಓಡೋದು? ಅದರ ಹೊಟ್ಟೇಲಿ ನೂಲು ಸುತ್ತಿದ ಸಣ್ಣ ಕಡ್ಡಿ ಇರುತ್ತೆ. ಅದೇ ಕಂಡಿಕೆ. ಐದಾರು ನಿಮಿಷಕ್ಕೆ ನೂಲು ಮುಗಿದೋಗುತ್ತೆ. ಮಗ್ಗ ನಿಲ್ಲಿಸಿ ಬೇರೆ ಕಂಡಿಕೆ ಹಾಕಬೇಕು. ಅದಕ್ಕೇ ನೇಯೋ ಮಗ್ಗ ಒಂದೇ ಸಮ ಓಡಲ್ಲ. ಐದಾರು ನಿಮಿಷಕ್ಕೊಂದು ಸಲ ನಿಂತೇ..."

ಅವಳ ಮಾತು ಅಲ್ಲಿಗೇ ನಿಂತುಹೋಯಿತು.

ಮಕ್ಕಳು ಕಾದರು. ನಾಗರಾಜು ನಿಂತೇ ಇದ್ದ. ಮಹದೇವಮ್ಮ ಬೋರ್ಡಿನ ಕಡೆ ತಿರುಗಿ, ತಾನು ಬರೆದ ಎರಡು ಪದಗಳನ್ನು ಯಾರೋ ಬೇರೆಯವರು ಬರೆದಿಟ್ಟಂತೆ ನೋಡಿದಳು. ಅರ್ಧ ಗಂಟೆ. ಮುಕ್ಕಾಲು ಗಂಟೆ. ಒಂದು ಸಲವೂ ನಿಲ್ಲದೆ. ಹದಿನಾಲ್ಕು ತಿಂಗಳು.

ಆ ಮಗ್ಗ ಸಂಜೆ ಹೊತ್ತು ಏನನ್ನೂ ನೇಯುತ್ತಿರಲಿಲ್ಲ.

"ಮಿಸ್? ಕೂತ್ಕಳ್ಲಾ ಮಿಸ್?"

"ಕೂತ್ಕೋ" ಎಂದಳು. ಆ ಪಿರಿಯಡ್ಡು ಹೇಗೆ ಮುಗಿಯಿತೋ ಅವಳಿಗೆ ತಿಳಿಯದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಾಂಬಳ್ಳಿ ದಾಟಿತು, ಅಗರ ದಾಟಿತು. ಗದ್ದೆಗಳು ಹಿಂದೆ ಸರಿಯುತ್ತಿದ್ದರೂ ಅವಳಿಗೆ ಒಂದೂ ಕಾಣಲಿಲ್ಲ. ನೆನಪಿನಲ್ಲಿದ್ದ ಸದ್ದನ್ನು ಅವಳು ಹಿಡಿದು ಕೂರಿಸಿ ಕೇಳುತ್ತಿದ್ದಳು. ಖಟಾರ್, ಖಟಾರ್, ಖಟಾರ್. ಅದರ ನಡುವೆ ಲೆಕ್ಕಕ್ಕೆ ಸಿಗದ ಇನ್ನೊಂದು ಸದ್ದಿತ್ತು. ಇತ್ತು! ಅದು ಯಾವತ್ತೂ ಇತ್ತು. ನಟ್ಟು ಸಡಿಲವಾಗಿರಬೇಕು ಎಂದು ಅವಳು ಅಂದುಕೊಂಡಿದ್ದಳು. ಬಟಾಣಿಯಷ್ಟು ಅಗಲದ ಗಾಯ ಈಗ ನೆನಪಾಯಿತು. ಮರದ ಲಾಳಿಯ ಎರಡೂ ತುದಿಗೆ ಚೂಪಾದ ಉಕ್ಕಿನ ಮೂತಿ ಇರುತ್ತದೆ. ಮಗುವಾಗಿದ್ದಾಗ ಶೆಡ್ಡಿನ ಮೂಲೆಯಲ್ಲಿ ಕೂತು ಓದುತ್ತಿದ್ದ ಅವಳ ಕಡೆಗೆ ಒಮ್ಮೆ ಲಾಳಿಯೊಂದು ಮಗ್ಗದಿಂದ ಹಾರಿ ಬಂದು ತೊಡೆಗೆ ನೆಟ್ಟಿತ್ತು. ಆ ಗುರುತು ಇವತ್ತಿಗೂ ಅವಳ ತೊಡೆಯ ಮೇಲಿದೆ. ಅಂಥದ್ದೇ ಗುರುತನ್ನು ಹುಡುಗಿಯ ಕೈಮೇಲೆ ನೋಡಿ ಒಗ್ಗರಣೆ ಎಂದುಕೊಂಡಿದ್ದಳು.

ಸದ್ದು ನಿಮ್ಗ ಕೇಳ್ತದಾ ಅಕ್ಕ?

ರಮ್ಯ ಅವತ್ತು ಸದ್ದಿಗೆ ಕ್ಷಮೆ ಕೇಳಲು ಬಂದಿರಲಿಲ್ಲ.

ಇನ್ನೂ ಒಂದು ನೆನಪಾಯಿತು. ರಮ್ಯಳ ಅಪ್ಪ ಬಂದ ದಿನ, ಇಲ್ಲವೇ ಅವಳ ತವರಿನವರು ಯಾರಾದರೂ ಬಂದುಹೋದ ದಿನ, ಸಂಜೆ ಮಗ್ಗ ತಪ್ಪಿದ್ದೇ ಇಲ್ಲ. ಇವತ್ತು ಬೆಳಿಗ್ಗೆ ಕೆಂಚಯ್ಯ ಬಂದಿದ್ದ.

ಸ್ಟ್ಯಾಂಡಿನಲ್ಲಿ ಇಳಿದವಳು ಆಟೋಗೂ ಕಾಯದೆ ನಡೆದಳು; ಬೀದಿಯ ತಿರುವಿನಲ್ಲಿ ಓಡಿದಳು. ನಲವತ್ತೊಂಬತ್ತರ ಹೆಂಗಸು ವ್ಯಾನಿಟಿ ಬ್ಯಾಗು ಬಡಿದುಕೊಳ್ಳುತ್ತಾ ಓಡುವುದನ್ನು ಎದುರುಮನೆಯ ರಾಚಮ್ಮ ಕಂಡಿಕೆ ಸುತ್ತುತ್ತಿದ್ದ ರಾಟೆ ನಿಲ್ಲಿಸಿ ನೋಡಿದಳು.

"ಏನ್ ಟೀಚರವ್ವ, ನಾಯಿ ಗೀಯಿ ಅಟ್ಟುಸ್ಕ ಬಂತಾ?"

ಮಗ್ಗ ಓಡುತ್ತಿತ್ತು.

ಪುಟ್ಟಬಸಪ್ಪ ಟೀವಿಯ ಮುಂದೆ ಕೂತಿದ್ದ. ಕೈಯಲ್ಲಿ ರಿಮೋಟು. ಅವಳು ಟೀವಿ ಆರಿಸಿದಳು.

"ಲೇ, ಯಾಕೇ?"

"ಎಷ್ಟೊತ್ತಿಂದ ಓಡ್ತಿದೆ ಅದು?"

"ಏನು? ಮಗ್ಗವಾ? ಅವಾಗ್ಲಿಂದ. ನಾನು ಹಾಲು ತಂದಾಗಿಂದ್ಲೂ."

"ಮಧ್ಯೆ ನಿಂತಿತ್ತಾ?"

"ನಂಗೇನ್ ಗೊತ್ತು ಮಾದೇವಿ? ಅದ್ನ ಕಾಯ್ಕ ಕುಂತಿದ್ನಾ?"

ಅವಳು ಅಡುಗೆಮನೆಗೆ ಹೋಗಿ ಗೋಡೆಗೆ ಕಿವಿ ಹಚ್ಚಿದಳು. ಸುಣ್ಣದ ಗೋಡೆ ಕೆನ್ನೆಗೆ ತಣ್ಣಗೆ ಹತ್ತಿತು. ಒಳಗಿನಿಂದ ಅದುರುವಿಕೆ ಹಲ್ಲಿಗೆ ಬಂತು. ಖಟಾರ್, ಖಟಾರ್. ಲಾಳಿ ಹಗುರವಾಗಿ ಓಡುತ್ತಿತ್ತು. ನೂಲಿನ ಭಾರವೇ ಇರಲಿಲ್ಲ. ಆ ಎರಡು ಬಡಿತಗಳ ಸಂದಿಯಲ್ಲಿ ಮೂರನೆಯದು ಬಂತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ಆಮೇಲೆ, ಭಾರ ಎತ್ತುವವರ ಬಾಯಿಂದ ಬರುವಂಥ ಒಂದು ಮುಲುಕು. ಮತ್ತೆ ಒದ್ದೆ ಬಟ್ಟೆ. ಮತ್ತೆ.

ಹಿಂದೆ ಬಂದು ನಿಂತ ಗಂಡನ ಮುಖ ನೋಡಿದಾಗ ಅವಳಿಗೆ ಇನ್ನೊಂದು ವಿಷಯವೂ ತಿಳಿಯಿತು. ಅವನಿಗೆ ಆಶ್ಚರ್ಯವಾಗಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಗೊತ್ತು ಅಂದ್ರೆ... ಗಂಡ ಹೆಂಡ್ತಿ ವಿಚಾರ. ನಾವ್ಯಾಕೆ ಮಧ್ಯಕ್ಕೆ ಓಗ್ಬೇಕು? ನಾಳೆ ಅವರಿಬ್ರೂ ಒಂದಾಯ್ತರೆ, ನಾವು ಕೆಟ್ಟೋರಾಯ್ತೀವಿ."

"ಅದಕ್ಕೆ ಟೀವಿ ಜೋರು ಮಾಡ್ತಿದ್ರಿ."

"ನೀನೂ ಕಾಫಿ ಕಾಯಿಸ್ತಿದ್ದೆ" ಎಂದ ಪುಟ್ಟಬಸಪ್ಪ, ಮೆಲ್ಲಗೆ.

ಆ ಮಾತು ಕಪಾಳಕ್ಕೆ ಬಿದ್ದಂತೆ ಬಿತ್ತು. ಅವಳು ಹೊರಗೆ ಓಡಿದಳು. ಪಕ್ಕದ ಮನೆಯ ಬಾಗಿಲಿಗೆ ಹೋಗಿ ಎರಡೂ ಕೈಯಲ್ಲಿ ಬಡಿದಳು. "ಪ್ರಭು! ಪ್ರಭುಸ್ವಾಮಿ! ಬಾಗಿಲು ತೆಗಿ!" ಒಳಗಿನಿಂದ ಅಗುಳಿ ಹಾಕಿತ್ತು. ಅವಳ ಬಡಿತ ಅವಳಿಗೇ ಕೇಳಿಸಲಿಲ್ಲ. ಮಗ್ಗ ಅದನ್ನೂ ನುಂಗಿತು. ಒಬ್ಬ ಹೆಂಗಸಿನ ನೋವನ್ನು ನುಂಗಲೆಂದು ಓಡಿಸಿದ ಯಂತ್ರಕ್ಕೆ ಇನ್ನೊಬ್ಬಳ ಕೂಗು ಎಷ್ಟರದು?

ಆಗ ಅವಳಿಗೆ ಜಗಲಿಯ ಬೋರ್ಡು ಕಂಡಿತು.

ಹಿಂತಿರುಗಿ ಬಂದು, ಕುರ್ಚಿ ಎಳೆದು, ಹತ್ತಿ, ಎಡಗಡೆಯ, ಪ್ರಭುಸ್ವಾಮಿಯ ಮನೆಯ ಪಿಂಗಾಣಿ ಫ್ಯೂಸನ್ನು ಬೆರಳಿಂದ ಹಿಡಿದು ಕಿತ್ತಳು. ಚಿಟ್ಟೆಂದು ನೀಲಿ ಕಿಡಿಯೊಂದು ಹಾರಿತು.

ಮಗ್ಗ ಎರಡು ಬಡಿತ ಎಳೆದುಕೊಂಡು ನಿಂತಿತು.

ಅವನು ನಿಲ್ಲಲಿಲ್ಲ. ಮಗ್ಗ ನಿಂತದ್ದು ಅವನ ಕೈಗೆ ತಿಳಿಯಲು ಹೊತ್ತು ಬೇಕಾಯಿತು. ಮೌನದಲ್ಲಿ ಒಂದು ಏಟು ಬಿತ್ತು. ಇನ್ನೊಂದು ಬಿತ್ತು. ಮೂರನೆಯದರ ಜೊತೆ ಮೂಳೆ ಮುರಿದ ಸದ್ದು, ಒಣಗಿದ ಪುಳ್ಳೆ ಮುರಿದಷ್ಟು ಸ್ಪಷ್ಟವಾಗಿ ಬೀದಿಗೆ ಬಂತು. ಅದರ ಹಿಂದೆಯೇ ರಮ್ಯಳ ತೊದಲು ದನಿ ಬಂತು. "ಅಪ್ಪುಂಗ ನಾನೇನೂ ಏಳ್ನಿಲ್ಲ ಕಣ... ಮಾದಪ್ಪನ ಆಣೆ... ಏನೂ ಏಳ್ನಿಲ್ಲ..."

ರಾಚಮ್ಮನ ರಾಟೆ ಮತ್ತೆ ನಿಂತಿತು. ಮೂಲೆ ಅಂಗಡಿಯಲ್ಲಿ ಬೀಡಿ ಹಚ್ಚುತ್ತಿದ್ದ ಆಟೋದವರಿಬ್ಬರು ತಿರುಗಿದರು. ಒಂದೊಂದೇ ಬಾಗಿಲಲ್ಲಿ ತಲೆಗಳು ಕಂಡವು. ಕೇಳಿಸಲಿಲ್ಲ ಎಂದು ಹೇಳಲು ಈಗ ಬೀದಿಯಲ್ಲಿ ಯಾರಿಗೂ ಮಗ್ಗದ ನೆಪ ಉಳಿದಿರಲಿಲ್ಲ.

ಅಗುಳಿ ತೆಗೆದು ಪ್ರಭುಸ್ವಾಮಿ ಹೊರಗೆ ಬಂದ. ಅಂಗಿಯ ತೋಳು ಮಡಿಚಿದ್ದ. ಮುಖವೆಲ್ಲ ಬೆವರು. ಬಲಗೈಯಲ್ಲಿ ಮಗ್ಗಕ್ಕೆ ಹಾಕದ ಬಿಡಿ ಲಾಳಿಯೊಂದಿತ್ತು, ಕೆಲಸದ ನಡುವೆ ಎದ್ದು ಬಂದವನ ಹಾಗೆ. ಬೀದಿಯ ಜನರ ಮೇಲೆ ಕಣ್ಣು ಹಾಯಿಸದೆ ನೇರ ಅವಳ ಗೇಟಿನ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟ.

"ಕರೆಂಟ್ ಓಯ್ತಾ ಮೇಡಮ್ಮೋರೇ?"

ಕುರ್ಚಿಯಿಂದ ಇಳಿದ ಮಹದೇವಮ್ಮ ಫ್ಯೂಸು ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು. ಲಾಳಿಯ ಉಕ್ಕಿನ ಮೂತಿಯಲ್ಲಿ ಕೂದಲೆಳೆಯೊಂದು ಅಂಟಿತ್ತು. ಉದ್ದನೆಯ ಕೂದಲು.

ಅವನು ಬೋರ್ಡು ನೋಡಿದ. ಖಾಲಿ ಜಾಗ ನೋಡಿದ. ಆಮೇಲೆ ಅವಳನ್ನು ನೋಡಿದ.

"ಕೊಡಿ ಇತ್ತಗೆ."

"ಕೊಡಲ್ಲ."

"ಮಗ್ಗದ ಮೇಲೆ ಹಾಸು ಅದೆ. ಸೀರೆ ಕೆಡ್ತದೆ. ಕೊಡಿ."

"ಅಡ್ಡ ಎಳೆ, ಹೊಕ್ಕೇ ಇಲ್ಲದೆ ಯಾವ ಸೀರೆ ನೇಯ್ತಿದ್ದೆ ಪ್ರಭು? ನಾನೂ ಮಗ್ಗದವರ ಮನೇಲಿ ಹುಟ್ಟಿದೋಳು."

ಅವನ ಮುಖದಲ್ಲಿದ್ದ ವಿನಯ ಹಾಗೇ ಇತ್ತು. ಕೈ ಮಾತ್ರ ಎದ್ದಿತು. ಲಾಳಿ ಬರುವುದನ್ನು ಕಂಡು ಅವಳು ಎಡಗೈ ಅಡ್ಡ ಹಿಡಿದಳು. ಮಣಿಕಟ್ಟಿನ ಮೇಲೆ ಬಿತ್ತು. ನೋವಿಗಿಂತ ಮೊದಲು ಸದ್ದು ಬಂತು. ತನ್ನದೇ ಮೂಳೆಯ ಸದ್ದನ್ನು ಅವಳು ಕಿವಿಯಾರೆ ಕೇಳಿದಳು. ಎರಡನೆಯದು ಭುಜಕ್ಕೆ ಬಿತ್ತು. ಗೋಡೆಗೆ ಒರಗಿದ ಅವಳ ಬಲಗೈಯಿಂದ ಫ್ಯೂಸು ಜಾರಿ ಕಲ್ಲಿನ ಮೇಲೆ ಬಿದ್ದು ಮೂರು ಚೂರಾಯಿತು. ಬಾಗಿಲಲ್ಲಿ ಪುಟ್ಟಬಸಪ್ಪ "ಏಯ್, ಏಯ್" ಎನ್ನುತ್ತಾ ನಿಂತಿದ್ದ. ಅವನ ಕೈಯಲ್ಲಿ ರಿಮೋಟು ಇನ್ನೂ ಇತ್ತು.

ಮೂರನೆಯ ಏಟು ಬೀಳಲಿಲ್ಲ. ಎದುರುಮನೆಯಿಂದ ಬಂದ ರಾಚಮ್ಮ, ತಾನು ಕೂರುತ್ತಿದ್ದ ಹಲಸಿನ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿನ ಹಿಂದಕ್ಕೆ ಬೀಸಿದಳು. ಅವನು ಮುಗ್ಗರಿಸಿದ. "ಎಣ್ಣೆಂಗ್ಸು ಅಂದ್ರೆ ದನ ಅನ್ಕಂಡಿದ್ದೀಯೇನೋ ಮುಂಡೇಮಗನೇ! ಈ ಮುದುಕೀಗ ಒಡೀಲಾ, ಒಡೀ, ನೋಡಾವ!" ಎಂದು ಕೂಗುತ್ತಾ ಇನ್ನೊಮ್ಮೆ ಬೆನ್ನಿಗೆ ಬೀಸಿದಳು. ಆಟೋದವರು ಬಂದು ಅವನ ತೋಳು ತಿರುಚಿ ನೆಲಕ್ಕೆ ಕೆಡವಿದರು. ಅವನು ಕೆಳಗೆ ಬಿದ್ದಾಗಲೂ ಅದನ್ನೇ ಹೇಳುತ್ತಿದ್ದ: "ನಮ್ಮನೆ ವಿಚಾರ... ಬುಡ್ರಲೇ, ನಮ್ಮನೆ ವಿಚಾರ."

ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಮಹದೇವಮ್ಮ ಆಚೆ ಮನೆಯೊಳಗೆ ಹೋದಳು. ಹಿಂದೆ ರಾಚಮ್ಮ.

ಕತ್ತಲೆ ಕೋಣೆಯಲ್ಲಿ ಮಗ್ಗವೇ ಮುಕ್ಕಾಲು ಪಾಲು ಜಾಗ ತಿಂದಿತ್ತು. ಅದರ ಕಬ್ಬಿಣದ ಕಾಲಿನ ಬಳಿ ರಮ್ಯ ಕುಕ್ಕರಗಾಲಲ್ಲಿ ಕೂತಿದ್ದಳು. ಬೀಳಲು ಅವಳಿಗೆ ಆಗುವಂತಿರಲಿಲ್ಲ. ಜಡೆಯನ್ನು ಅವನು ಮಗ್ಗದ ಕಾಲಿಗೆ ಸುತ್ತಿ ಗಂಟು ಹಾಕಿದ್ದ. ದವಡೆ ಒಂದು ಕಡೆಗೆ ಸರಿದಿತ್ತು. ಬಾಯಿಂದ ರಕ್ತ ನೂಲಿನಂತೆ ಇಳಿದು ಸೆರಗಿಗೆ ಅಂಟಿತ್ತು. ಬಲಗೈಯ ಬೆರಳುಗಳು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಒಂದು ಕಣ್ಣು ಮುಚ್ಚಿತ್ತು. ತೆರೆದಿದ್ದ ಇನ್ನೊಂದರಲ್ಲಿ ಅವಳು ಮಹದೇವಮ್ಮನನ್ನು ಗುರುತು ಹಿಡಿದಳು.

ರಾಚಮ್ಮ ಗಂಟು ಬಿಚ್ಚಲು ನೋಡಿದಳು. ಆಗಲಿಲ್ಲ. ನೇಕಾರರ ಗಂಟು. ರಮ್ಯ ಕಣ್ಣಿನಲ್ಲೇ ಮೇಲೆ ತೋರಿಸಿದಳು. ಎಳೆ ಕತ್ತರಿಸುವ ಸಣ್ಣ ಕತ್ತರಿ ಮಗ್ಗದ ಮೇಲಿತ್ತು. ಮಹದೇವಮ್ಮ ಒಂದೇ ಕೈಯಲ್ಲಿ, ಹಲ್ಲು ಕಚ್ಚಿ, ಆ ಜಡೆಯನ್ನು ಕಚಕಚನೆ ಕತ್ತರಿಸಿದಳು. ಅರ್ಧ ಜಡೆ ಮಗ್ಗಕ್ಕೇ ಉಳಿಯಿತು. ಹುಡುಗಿ ಅವಳ ಮಡಿಲಿಗೆ ಬಿದ್ದಳು.

ಆಗ ಅವಳು ತಲೆಯೆತ್ತಿ ಮಗ್ಗವನ್ನು ನೋಡಿದ್ದು. ನೂಲು ಮುಗಿದರೆ ಮಗ್ಗ ತಾನೇ ನಿಲ್ಲಲೆಂದು ಒಂದು ಸಣ್ಣ ಕಂಬಿ ಇರುತ್ತದೆ. ಆ ಕಂಬಿಯನ್ನು ದಾರದಿಂದ ಕಟ್ಟಿಹಾಕಿದ್ದ. ನೇಯ್ದ ನೀಲಿ ಸೀರೆ ಒಂದು ಗೆರೆಗೆ ಬಂದು ಮುಗಿದಿತ್ತು. ಆ ಗೆರೆಯಿಂದ ಈಚೆಗೆ ಎರಡು ಮೊಳದಷ್ಟು ಬರೀ ಹಾಸು, ಉದ್ದದ ಎಳೆ. ಅಡ್ಡ ಎಳೆ ಒಂದೂ ಇಲ್ಲ. ಸಾವಿರಾರು ನೀಲಿ ಎಳೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಯಲಾಗಿ ಮಲಗಿದ್ದವು. ಅವನು ಎಷ್ಟು ಹೊತ್ತು ಹೊಡೆದನೋ ಅಷ್ಟು ಉದ್ದ.

ಆಸ್ಪತ್ರೆಯಲ್ಲಿ ಮಹದೇವಮ್ಮನ ಕೈಗೆ ಪಟ್ಟಿ ಬಿತ್ತು. ಪಕ್ಕದ ಮಂಚದಲ್ಲಿ ರಮ್ಯಳಿಗೆ ಡ್ರಿಪ್ ಹಾಕಿದ್ದರು. ದವಡೆಗೆ ಮೈಸೂರಿಗೆ ಕರೆದೊಯ್ಯಬೇಕು, ಆಂಬುಲೆನ್ಸಿಗೆ ಹೇಳಿದ್ದೇವೆ ಎಂದರು. ಕೆಂಚಯ್ಯನಿಗೆ ರಾಚಮ್ಮ ಫೋನು ಮಾಡಿಸಿದ್ದಳು. ಅವನು ಹನೂರಿನಿಂದ ಹೊರಟಿದ್ದ.

ಎಎಸ್‌ಐ ರಂಗಸ್ವಾಮಿ ಸ್ಟೂಲು ಎಳೆದು ಕೂತು ಕಾಗದ ಬಿಡಿಸಿದರು. ವಯಸ್ಸಾದವರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ದಣಿದಿದ್ದರು.

"ಜಗಳದ ಸದ್ದು ಕೇಳ್ತು, ಬುಡಿಸಕ್ಕ ಓದ್ರಿ, ನಿಮಗೂ ಏಟು ಬಿತ್ತು. ಅಷ್ಟೇ ತಾನೇ ಮೇಡಂ? ಮುಂಚೆ ಯಾವಾಗಾದ್ರೂ ಆಗಿತ್ತಾ?"

"ಇಲ್ಲ ಸಾ, ಇವತ್ತೇ ಮೊದ್ಲು" ಎಂದ ಪುಟ್ಟಬಸಪ್ಪ, ಮಂಚದ ಕಾಲ ಬಳಿ ನಿಂತಿದ್ದವನು.

"ಸ್ಟೇಷನ್ನಲ್ಲಿ ಕೂರಿಸಿರೋ ಪ್ರಭುಸ್ವಾಮೀನೂ ಅದನ್ನೇ ಅಂತಾನೆ. ಸಿಟ್ಟಲ್ಲಿ ಒಂದ್ ಏಟು ಒಡೆದೆ, ಮಗ್ಗದ ಮೇಲೆ ಬಿದ್ಲು ಅಂತಾನೆ."

ಇವತ್ತೇ ಮೊದಲು ಎಂದು ಬರೆದುಕೊಂಡರೆ ಮುಂದೇನಾಗುತ್ತದೆಂದು ಮಹದೇವಮ್ಮನಿಗೆ ಕಾಣುತ್ತಿತ್ತು. ಬೇಲು. ಹಿರಿಯರ ಪಂಚಾಯ್ತಿ. ಒಂದು ತಿಂಗಳಿಗೆ ಹುಡುಗಿ ಮತ್ತೆ ಅದೇ ಕೋಣೆಗೆ, ಅದೇ ಕಬ್ಬಿಣದ ಕಾಲಿನ ಬುಡಕ್ಕೆ. ಆಮೇಲೊಂದು ಸಂಜೆ ಮಗ್ಗ ಒಂದು ಗಂಟೆ ಓಡುತ್ತದೆ.

"ಹದಿನಾಲ್ಕು ತಿಂಗಳಿಂದ" ಎಂದಳು.

"ಮಾದೇವಿ" ಎಂದ ಗಂಡ.

"ಹದಿನಾಲ್ಕು ತಿಂಗಳಿಂದ ಹೊಡೀತಿದ್ದಾನೆ. ಹೊಡೆಯೋವಾಗ ಸದ್ದು ಆಚೆ ಬರಬಾರದು ಅಂತ ಖಾಲಿ ಮಗ್ಗ ಓಡಿಸ್ತಿದ್ದ. ಬರಕೊಳ್ಳಿ."

ರಂಗಸ್ವಾಮಿ ಪೆನ್ನು ಎತ್ತಿದರು. "ನೋಡಿ ಮೇಡಂ. ನಿಮ್ ಒಳ್ಳೇದಕ್ಕೆ ಏಳ್ತೀನಿ. ಅಷ್ಟ್ ದಿನದಿಂದ ಕೇಳುಸ್ಕಂಡು ಗೋಡೆ ಪಕ್ಕದಲ್ಲಿ ಸುಮ್ನೆ ಕುಂತಿದ್ರಾ ಅಂತ ಅವನ ಲಾಯರ್ರು ಕೇಳ್ತಾನೆ. ತುಂಬಿದ ಕೋರ್ಟಲ್ಲಿ. ಟೀಚರ್ರು ಬೇರೆ ನೀವು."

"ಕೇಳಲಿ. ಹೌದು ಅಂತೀನಿ. ಕಿವಿಗೆ ಬೀಳ್ತಿತ್ತು. ಇವತ್ತು ಮಧ್ಯಾಹ್ನದವರೆಗೂ ಕಿವಿ ಕೊಟ್ಟಿರಲಿಲ್ಲ. ಅದನ್ನೂ ಬರಕೊಳ್ಳಿ."

"ಎರಡಕ್ಕೂ ಏನ್ ಮೇಡಂ ವ್ಯತ್ಯಾಸ?"

ಮಧ್ಯಾಹ್ನದಿಂದ ಅದೇ ಪ್ರಶ್ನೆ. ಮಹದೇವಮ್ಮ ಪಕ್ಕದ ಮಂಚದ ಕಡೆ ನೋಡಿದಳು. "ಅಲ್ಲಿ ಮಲಗಿದ್ದಾಳಲ್ಲ, ಅಷ್ಟು."

ಪುಟ್ಟಬಸಪ್ಪ ಮುಖ ತಿರುಗಿಸಿದ. ಎಎಸ್‌ಐ ಬರೆದುಕೊಂಡರು. ಬರೆದಾದ ಮೇಲೆ, "ಇವತ್ತಿಂದು ಸರಿ. ಹಿಂದಿನದ್ಕೆಲ್ಲ ಏನ್ ಸಾಕ್ಷಿ? ಖಾಲಿ ಮಗ್ಗ ಅನ್ನೋದು ಬರೀ ನಿಮ್ ಮಾತಾಯ್ತದೆ" ಎಂದರು.

ಪಕ್ಕದ ಮಂಚದಲ್ಲಿ ಮುರಿಯದೆ ಉಳಿದ ಕೈ ಸರಿದಾಡಿತು. ಬೆರಳುಗಳು ಕಂಬಳಿಯನ್ನು ಕೆರೆದವು. ಮಹದೇವಮ್ಮ ಇಳಿದು ಹೋಗಿ ನೆಲದ ಮೇಲೆ ಮೊಣಕಾಲೂರಿ ಕೂತಳು. ರಮ್ಯಳ ಬಾಯಿ ತೆರೆಯುತ್ತಿರಲಿಲ್ಲ. ಹಲ್ಲಿನ ಸಂದಿಯಿಂದ ಗಾಳಿಯಷ್ಟೇ ಬರುತ್ತಿತ್ತು.

"ಏನವ್ವ?"

"...ಚಿಂದಿ..."

ಅವಳು ಕಿವಿಯನ್ನು ಆ ಬಾಯಿಗೆ ತಾಕುವಷ್ಟು ಹತ್ತಿರ ತಂದಳು. ರಕ್ತದ ವಾಸನೆ, ಔಷಧದ ವಾಸನೆ. ಬಿಸಿಯುಸಿರು.

"ಬರೀ ಹಾಸು... ಸೀರೆಯಿಂದ ಕತ್ರಿಸಿ ಸುಡು ಅಂತಿದ್ದ... ಪ್ರತಿ ಸಲ..."

"ಸುಟ್ಟೆಯಾ?"

ತಲೆ ಒಂದಿಷ್ಟೇ ಅಡ್ಡಡ್ಡ ಆಡಿತು. "ಅಟ್ಟದ್ ಮೇಲೆ... ರಾಗಿ ಡಬ್ಬದಲ್ಲಿ... ಒಂದೊಂದ್ಕೂ... ತಾರೀಕ್ ಬರ್ದು ಚೀಟಿ ಕಟ್ಟಿವ್ನಿ..."

ಹದಿನಾಲ್ಕು ತಿಂಗಳು ಈ ಹುಡುಗಿ ಗೋಡೆಯ ಆ ಕಡೆ ಒಬ್ಬಳೇ, ಕೇಳುವವರು ಎಂದಾದರೂ ಬಂದಾರೆಂದು, ತನ್ನ ನೋವನ್ನು ಮೊಳದ ಲೆಕ್ಕದಲ್ಲಿ ಮಡಿಚಿಡುತ್ತಾ ಕೂತಿದ್ದಳು.

"ಏನಂತೆ ಮೇಡಂ?" ಎಂದು ರಂಗಸ್ವಾಮಿ ಸ್ಟೂಲಿನಿಂದ ಎದ್ದರು.

ಅವಳು ಪಟ್ಟಿ ಕಟ್ಟಿದ ಕೈಯನ್ನು ಎತ್ತಿ ಅವರನ್ನು ಅಲ್ಲೇ ತಡೆದಳು. ಕಿವಿಯನ್ನು ತೆಗೆಯಲಿಲ್ಲ.

"ಹೇಳವ್ವ. ನಿಧಾನಕ್ಕೆ ಹೇಳು. ಮೊದಲನೇದು ಯಾವತ್ತಿಂದು?"